ಪುರಂದರದ ಮೇಲೆ ಸಾಯಲಿ ಕೇಳಿದ್ದು

ಕೋಥರೂಡ, ಪುಣೆ
ಸೋಮವಾರ, ೯ ಡಿಸೆಂಬರ್ ೨೦೨೪

ಪ್ರೀತಿಯ ಮಗ ಶಿವಪ್ರಕಾಶನಿಗೆ ಅವ್ವನ ತುಂಬು ಆಶೀರ್ವಾದ.

ಹೇಗಿದ್ದೀಯಪ್ಪ? ಯೆರವಡಾದ ಕಡೆ ಚಳಿ ಹೆಚ್ಚಂತೆ. ಸೊಸೆ ಶೀತಲ್ ಕೊಟ್ಟುಬಂದ ಸ್ವೆಟರ್ ನಿನ್ನ ಕೈಸೇರಿತೇ? ಕೆಮ್ಮು ಇಳಿಯದಿದ್ದರೆ ಜೈಲಿನ ಡಾಕ್ಟರಿಗೆ ತೋರಿಸು, ಸಂಕೋಚಪಡಬೇಡ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಆದರೂ ನಿನ್ನೆ ಪುರಂದರ ಕೋಟೆ ಹತ್ತಿ ಬಂದೆ. ನಗಬೇಡ.

ಶಾಲೆಗೆ ಕೋಟೆಯ ಬಗ್ಗೆ ಬರೆಯಬೇಕು, ನೋಡಲೇಬೇಕು ಎಂದು ನಿನ್ನ ಮಗಳು ಸಾಯಲಿ ಹಟ ಹಿಡಿದಳು. ಶೀತಲ್‌ಗೆ ರಜೆ ಸಿಗಲಿಲ್ಲ, ನಾನೇ ಹೊರಟೆ. ಸಾಸವಡದವರೆಗೆ ಬಸ್ಸು, ಅಲ್ಲಿಂದ ಜೀಪು. ಮಿಲಿಟರಿಯವರ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಹೋದೆವು. ಮುರಾರಬಾಜಿಯ ಪ್ರತಿಮೆಯ ಹತ್ತಿರ ನಾನು ಕುಳಿತೇಬಿಟ್ಟೆ. ಸಾಯಲಿ ಎದುರಿನ ವಜ್ರಗಡದತ್ತ ಕೈಮಾಡಿ, ಮೊಗಲರು ಮೊದಲು ಅದನ್ನು ಹಿಡಿದು ಅಲ್ಲಿಂದ ಇಲ್ಲಿಗೆ ತೋಪು ಹಾರಿಸಿದ್ದು, ಕೋಟೆ ಕಾಯುತ್ತಿದ್ದ ಮುರಾರಬಾಜಿ ಕಾದಾಡಿ ಸತ್ತಿದ್ದು, ಕೊನೆಗೆ ಶಿವಾಜಿ ಮಹಾರಾಜರು ಒಪ್ಪಂದಕ್ಕೆ ಬಂದು ಇಪ್ಪತ್ತಮೂರು ಕೋಟೆ ಬಿಟ್ಟುಕೊಟ್ಟಿದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದಳು. ಆಮೇಲೆ, “ಅಜ್ಜಿ, ಸೋತೆ ಅಂತ ಒಪ್ಪಿಕೊಂಡಾಗ ಅವರಿಗೆ ನಾಚಿಕಿ ಆಗಲಿಲ್ಲೇನು?” ಎಂದಳು. “ಆಗಿರಬೇಕವ್ವಾ. ಆದ್ರ ಉಳಿದ ಮಂದಿ ಜೀವಾನೂ ನೋಡಬೇಕಲ್ಲ” ಎಂದೆ. ಅವಳ ಕಣ್ಣು ತುಂಬಿತು. “ಟೆಂಪೋ ಬಡದದ್ದು ಯಾರೂ ನೋಡಿರಲಿಲ್ಲ. ಅಪ್ಪ ಯಾಕ ಒಪ್ಪಿಕೊಂಡ?”

ಅವಳು ಇಷ್ಟು ತಿಂಗಳು ನಿನ್ನನ್ನು ನೋಡಲು ಬಾರದೆ, ನಿನ್ನ ಹೆಸರನ್ನೂ ಎತ್ತದೆ ಇದ್ದದ್ದು ಇದಕ್ಕೇ ಎಂದು ಆಗ ತಿಳಿಯಿತು. ನೀನು ಓಡಿಹೋಗದೆ, ನಿನ್ನ ಟೆಂಪೋಗೆ ಸಿಕ್ಕಿದ ಆ ಮುದುಕನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದದ್ದು, ಅವನು ದಾರಿಯುದ್ದಕ್ಕೂ ನಿನ್ನ ಅಂಗಿ ಹಿಡಿದುಕೊಂಡಿದ್ದದ್ದು, ಕೊನೆಗೂ ಬದುಕದೆ ಹೋದದ್ದು, ಇದನ್ನೆಲ್ಲ ಚಿಕ್ಕವಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಲ್ಲೇ ಕುಳಿತು ಹೇಳಿದೆ. ಇಳಿಯುವಾಗ ಅವಳು ನನ್ನ ಚೀಲವನ್ನು ತಾನೇ ಹೊತ್ತಳು.

ಜೀಪಿನಲ್ಲಿ ಪಕ್ಕದ ಹೆಂಗಸು, ನಿಮ್ಮಪ್ಪ ಎಲ್ಲಿರುತ್ತಾರೆ ಎಂದು ಮರಾಠಿಯಲ್ಲಿ ಕೇಳಿದಳು. ಎಲ್ಲರಿಗೂ ದುಬೈ ಎನ್ನುತ್ತಿದ್ದ ಹುಡುಗಿ, “ಯೆರವಡಾ ಜೇಲಮಧ್ಯೆ” ಎಂದು, ಜೈಲಿನಲ್ಲಿದ್ದಾರೆ ಎಂದೇ ಹೇಳಿಬಿಟ್ಟಳು. ಆ ತಾಯಿ ಮತ್ತೇನೂ ಕೇಳದೆ ತನ್ನ ಬುಟ್ಟಿಯಿಂದ ಅಂಜೂರ ತೆಗೆದು ಅವಳ ಕೈಗಿಟ್ಟಳು.

ಹೊತ್ತಿಗೆ ಸರಿಯಾಗಿ ಉಣ್ಣು. ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಗೌರಾಬಾಯಿ

ಮ.ಬಿ.: ಕಾಗದ ಅಂಚೆಗೆ ಹಾಕಲು ಶೀತಲ್ ಬಾಗಿಲಲ್ಲೇ ನಿಂತಿದ್ದಾಳೆ. ಮುಂದಿನ ಭೇಟಿಗೆ ಸಾಯಲಿಯೂ ಬರುತ್ತಾಳಂತೆ, ಈಗಷ್ಟೇ ಅವಳೇ ಹೇಳಿದಳು. ಗಡ್ಡ ತೆಗೆಸಿಕೊಂಡಿರು. ಅವಳು ಬೈದರೆ ಬೈಯಲಿ, ನೀನು ಅಳಬೇಡ.