ಅಕ್ಕನ ದವಡೆ ಯಾವ ವಿಭಾಗಕ್ಕೆ ಸೇರಿದ್ದು?

ಕಾರ್ಮಿಕರ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳೇ,

ನನ್ನ ಅಕ್ಕನ ಬಾಯಿ ಮುಚ್ಚುತ್ತಿದೆ. ಹೆದರಿಸಿ ಬಾಯಿ ಮುಚ್ಚಿಸಲು ಬಂದ ಬಹಳ ಜನರನ್ನು ನಾವು ನೋಡಿದ್ದೇವೆ, ಯಾರಿಗೂ ಜಗ್ಗಿದವರಲ್ಲ. ಆದರೆ ಸಂಧಿವಾತಕ್ಕೆ ಘೋಷಣೆ ಕೇಳಿಸುವುದಿಲ್ಲ. ಅದು ಕಿವಿಯ ಮುಂದಿನ ಪುಟ್ಟ ಕೀಲಿನೊಳಗೆ ಹೊಕ್ಕು ದಿನಕ್ಕಿಷ್ಟು ತಿನ್ನುತ್ತಿದೆ. ಏಳು ತಿಂಗಳ ಹಿಂದೆ ಮೂರು ಬೆರಳು ಹಿಡಿಸುತ್ತಿದ್ದ ಬಾಯಿಗೆ ಈಗ ಒಂದೂವರೆ ಬೆರಳು. ಪ್ರತಿ ಭಾನುವಾರ ಅಳೆಯುವವಳು ನಾನು, ನನ್ನದೇ ಬೆರಳಿಟ್ಟು. ಅವಳ ಬೆರಳುಗಳು ಅಳತೆಗೆ ಒದಗುವಷ್ಟು ನೆಟ್ಟಗಿಲ್ಲ. ಬೆಳಿಗ್ಗೆ ಅವಳು ಆಕಳಿಸಿದರೆ ಪಕ್ಕದಲ್ಲಿ ಮಲಗಿದ ನನಗೆ ಮರಳು ಅರೆದ ಸದ್ದು ಕೇಳುತ್ತದೆ. ಈ ಏಳು ತಿಂಗಳೂ ನಿಮ್ಮ ಆಸ್ಪತ್ರೆಯಲ್ಲಿ ನಡೆದಿರುವ ಘನ ಚರ್ಚೆ ಒಂದೇ: ಈ ದವಡೆ ಯಾರದು?

ಮೂಳೆ ವಿಭಾಗದವರು ಕೈ ನೋಡಿದರು, ಮೊಣಕಾಲು ನೋಡಿದರು, ಗುಳಿಗೆ ಬರೆದರು. ಅಕ್ಕ ಕಿವಿಯ ಮುಂದೆ ಬೆರಳಿಟ್ಟು ತೋರಿಸಿದಾಗ, “ಅದು ಹಲ್ಲಿನೋರದಮ್ಮ, ಕೆಳಗಡೆ ಹೋಗಿ” ಅಂದರು. ಹಲ್ಲಿನವರು ಎರಡು ದವಡೆ ಹಲ್ಲು ಕಿತ್ತರು. ಹುಳುಕಿಲ್ಲದ, ಕಲ್ಲಿನಂಥ ಹಲ್ಲು. ಕೀಳಲು ಜಾಗ ಸಾಲದೆಂದು ಉಕ್ಕಿನ ಸಾಧನ ತೂರಿಸಿ ಬಾಯಿ ಅಗಲಿಸಿದರು. ಅಕ್ಕ ಆ ಹಲ್ಲುಗಳನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದು ನನ್ನ ಮುಂದೆ ಬಿಚ್ಚಿಟ್ಟಳು. “ನೋಡೇ, ತಪ್ಪು ಮಾಡಿದ್ದು ಒಳಗೇ ಆರಾಮಾಗಿದೆ. ಪಾಪದವು ಎರಡು ಕೆಲಸ ಕಳ್ಕೊಂಡ್ವು. ಥೇಟ್ ನಮ್ಮ ಗಿರಣಿ!” ನಗಲು ಹೋಗಿ ಕೆನ್ನೆ ಹಿಡಿದುಕೊಂಡಳು. ನೋವು ಹೆಚ್ಚಿದ ಮೇಲೆ ಹಲ್ಲಿನವರಿಗೆ ಜ್ಞಾನೋದಯವಾಯಿತು: “ಇದು ಕೀಲು ಬೇನೆ, ಮೇಲಕ್ಕೆ ಹೋಗಿ.” ಮೇಲಕ್ಕೂ ಕೆಳಕ್ಕೂ ನಡುವೆ ನಲವತ್ತೆರಡು ಮೆಟ್ಟಿಲು. ಲಿಫ್ಟಿನ ಮೇಲೆ ‘ಸಿಬ್ಬಂದಿಗೆ ಮಾತ್ರ’ ಎಂಬ ಫಲಕ. ನಿಮ್ಮ ಸಿಬ್ಬಂದಿಯ ಮೊಣಕಾಲುಗಳು ನೂರು ಕಾಲ ಬಾಳಲಿ.

ಬಾಯಿ ಒಂದಿಷ್ಟು ಕಡಿಮೆ ತೆರೆದರೆ ಏನಂತೆ ಎಂದು ನಿಮಗೆ ಅನ್ನಿಸಿರಬಹುದು. ನಮ್ಮ ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನೊಳಗೆ ಎಂದಾದರೂ ಕಾಲಿಟ್ಟಿದ್ದೀರಾ? ನೂರಾರು ಮಗ್ಗ ಒಟ್ಟಿಗೆ ಬಡಿಯುವಲ್ಲಿ ಕೂಗಿದರೆ ಕೂಗಿದವರಿಗೇ ಕೇಳಿಸದು. ಹಾಗಾಗಿ ನಾವು ದನಿ ಬಿಟ್ಟು ಬರೀ ಬಾಯಲ್ಲಿ ಮಾತಾಡುತ್ತೇವೆ. ತುಟಿ ಅಗಲಿಸಿ, ದವಡೆ ಇಳಿಸಿ, ಒಂದೊಂದು ಅಕ್ಷರವನ್ನೂ ಮುಖದ ಮೇಲೆ ಬರೆದು ತೋರಿಸುತ್ತೇವೆ. ಅಕ್ಕನನ್ನು ಆರು ಸಾಲಿನಾಚೆಯಿಂದ ಓದಬಹುದಿತ್ತು. ಅದಕ್ಕೇ ಅವಳಿಗೆ ‘ಮೈಕು’ ಎಂಬ ಬಿರುದು. ಮುಷ್ಕರದ ಸುದ್ದಿ ಮೇಸ್ತ್ರಿಯ ಬೆನ್ನ ಹಿಂದೆಯೇ ಇಡೀ ಶೆಡ್ಡು ದಾಟಿದ್ದು ಅವಳ ಬಾಯಿಂದ, ಒಂದೇ ಒಂದು ಸದ್ದಿಲ್ಲದೆ.

ಹೋದ ತಿಂಗಳು ಅಕ್ಕನಿಂದ ಮೂರು ಸಾಲಿನಾಚೆ, ನಾವೆಲ್ಲ ಚಿಕ್ಕಿ ಎಂದು ಕರೆಯುವವಳು, ನಿಂತ ಮಗ್ಗದೊಳಗೆ ಕೈ ಹಾಕಿ ಸಿಕ್ಕುಬಿದ್ದ ನೂಲು ಬಿಡಿಸುತ್ತಿದ್ದಳು. ಅವಳ ಹಿಂದೆ, ಅತ್ತಿತ್ತ ನೋಡದೆ, ಮೇಸ್ತ್ರಿ ಮಗ್ಗ ಓಡಿಸುವ ಹಿಡಿಗೆ ಕೈ ಚಾಚಿದ. ಅಕ್ಕನಿಗೆ ಕಂಡಿತು. ಆ ಕಾಲಲ್ಲಿ ಓಡುವುದೆಲ್ಲಿ? ಕೈಯೆತ್ತಿ ಬೀಸಿದಳು, ಚಿಕ್ಕಿ ತಲೆಯೆತ್ತಿದಳು. ಅಕ್ಕ “ಕೈ ತೆಗಿ” ಎನ್ನಲು ಹೋದಳು, ಬಾಯಿ ಅರ್ಧಕ್ಕೇ ಕಚ್ಚಿಕೊಂಡಿತು. ಚಿಕ್ಕಿಗೆ ಕಂಡಿದ್ದು ನಗು. ಅವಳೂ ನಕ್ಕಳು. ಮಗ್ಗ ಹೊರಟಿತು.

“ನೀನು ನಗ್ತಿದೀಯ ಅನ್ಕೊಂಡೆ ಕಣೇ,” ಅಂದಳಂತೆ ಚಿಕ್ಕಿ, ಮೂರು ಬೆರಳು ಉಳಿದ ಕೈಯನ್ನು ಎದೆಗೊತ್ತಿಕೊಂಡು. ಅಂದಿನಿಂದ ಅಕ್ಕ ಶೆಡ್ಡಿನೊಳಗೆ ತುಟಿ ಅಲುಗಿಸಿಲ್ಲ.

ಮುಂದಿನದು ಇನ್ನೂ ಇದೆ. ನಿಮ್ಮಲ್ಲೇ ಅರಿವಳಿಕೆ ಕೊಡುವ ವೈದ್ಯರೊಬ್ಬರು ಮೊಗಸಾಲೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ಬಾಯಿ ಹೀಗೇ ಮುಚ್ಕೊಳ್ತಾ ಹೋದ್ರೆ ಮತ್ತು ಕೊಟ್ಟಾಗ ಉಸಿರಾಟದ ಕೊಳವೆ ಇಳಿಸೋದೇ ಕಷ್ಟ ಆಗುತ್ತಮ್ಮ. ನಾಳೆ ಮೊಣಕಾಲಿಗೋ ಮತ್ತೊಂದಕ್ಕೋ ಆಪರೇಷನ್ ಅಂದ್ರೆ ಜೀವಕ್ಕೇ ಅಪಾಯ. ತಡ ಮಾಡ್ದೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ.” ದೊಡ್ಡಾಸ್ಪತ್ರೆಗೆ ಕಳಿಸುವ ಚೀಟಿಗೆ ಒಂದು ವಿಭಾಗದ ಸಹಿ ಬೇಕು. ದವಡೆ ಯಾರದೂ ಅಲ್ಲ, ಆದ್ದರಿಂದ ಸಹಿಯೂ ಯಾರದೂ ಅಲ್ಲ. ಮನುಷ್ಯರ ಮುಖದಲ್ಲಿ ಹೀಗೆ ವಾರಸುದಾರರಿಲ್ಲದ ಜಾಗ ಇನ್ನೆಷ್ಟಿದೆ ಸ್ವಾಮಿ? ಅವಳು ಉಸಿರು ಕಟ್ಟಿ ಬಿದ್ದರೆ ಆ ಉಸಿರು ಯಾವ ವಿಭಾಗದ್ದು?

ಬರುವ ಸೋಮವಾರದೊಳಗೆ ಆ ಚೀಟಿಗೆ ನೀವೇ ಸಹಿ ಹಾಕಬೇಕು. ಕೀಲಿನ ವೈದ್ಯರೂ ದವಡೆಯ ವೈದ್ಯರೂ ಒಂದೇ ದಿನ, ಒಂದೇ ಕೋಣೆಯಲ್ಲಿ ಅವಳನ್ನು ನೋಡಬೇಕು. ಸಂಧಿವಾತವೆಂದು ಬಂದ ಪ್ರತಿಯೊಬ್ಬರಿಗೂ ಮೊದಲ ದಿನವೇ ‘ಬಾಯಿ ತೆಗೀರಿ’ ಅನ್ನಬೇಕು.

ಇಲ್ಲವಾದರೆ ಮಂಗಳವಾರ ಬೆಳಿಗ್ಗೆ ನಮ್ಮ ಪಾಳಿಯ ನೂರಾ ಅರವತ್ತು ಹೆಂಗಸರು ನಿಮ್ಮ ಕಿಟಕಿಯ ಕೆಳಗೆ ನಿಂತಿರುತ್ತೇವೆ. ಗದ್ದಲವಿರದು, ಒಳಗೆ ರೋಗಿಗಳಿದ್ದಾರೆ. ದನಿಯಿಲ್ಲದೆ, ದವಡೆ ಇಳಿಸಿ, ಎಲ್ಲರೂ ಒಂದೇ ಮಾತನ್ನು ಮತ್ತೆ ಮತ್ತೆ ಆಡುತ್ತೇವೆ. ಓದಲು ಬರದಿದ್ದರೆ, ನಗುತ್ತಿದ್ದಾರೆ ಎಂದು ಮಾತ್ರ ತಿಳಿಯಬೇಡಿ. ಚಿಕ್ಕಿಯೂ ಹಾಗೇ ತಿಳಿದಿದ್ದಳು.

ಇಂತಿ,
ವಿಧೇಯಳಾಗಿದ್ದು ಸಾಕಾದ,
ಮೈಕಿನ ತಂಗಿ,
ಎಂಟನೇ ಸಾಲಿನ ಮಗ್ಗದವಳು