ಲವಂಗದ ವಾಸನೆ ಹೋಗಿಸುವ ಬಗೆ

ಆರನೇ ತಾರೀಖು, ಮಂಗಳವಾರ, ಮಧ್ಯಾಹ್ನ

ತಂಗಿಗೆ ಅಕ್ಕನ ಆಶೀರ್ವಾದ. ಬೇಕಿದ್ದರೆ ತೆಗೆದುಕೋ, ಬೇಡದಿದ್ದರೆ ಬಿಡು.

ನೀನು ಫೋನ್ ಎತ್ತಿದ್ದರೆ ನನಗೆ ಈ ಕರ್ಮ ಇರುತ್ತಿರಲಿಲ್ಲ. ಪೆನ್ನು ಹಿಡಿದರೆ ಬೆರಳು ಸೆಟೆದುಕೊಳ್ಳುತ್ತದೆ. ನಾಲ್ಕನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿದ್ದು ಯಾಕೆಂದು ನಿನಗೆ ಗೊತ್ತು. ತೊಟ್ಟಿಲಲ್ಲಿದ್ದ ನಿನ್ನನ್ನು ಎತ್ತಿಕೊಳ್ಳಲು ಒಬ್ಬರು ಬೇಕಿತ್ತು. ಕಾಗುಣಿತ ತಪ್ಪಿದ್ದರೆ ಅದರಲ್ಲಿ ನಿನ್ನ ಪಾಲೂ ಇದೆ, ನಗಬೇಡ.

ಭಾನುವಾರ ತಮ್ಮ ಬಸ್ಸಿನ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ. ಟೀ ಕುಡಿದ, ಲೋಟ ಇಟ್ಟ, ಆಮೇಲೆ ನೆಲ ನೋಡುತ್ತಾ ನಿನ್ನ ಮಾತು ಹೇಳಿದ. ನಿನ್ನ ಮಗಳ, ನಮ್ಮ ಸಿಡುಕಿಯ ಬೀರುವಿನಿಂದ ಲವಂಗದ ವಾಸನೆ ಹೋಗಬೇಕಂತೆ, ಹೇಗೆಂದು ಅಕ್ಕನ ಹತ್ತಿರ ಬರೆಸಿಕೊಂಡು ಬಾ ಅಂದೆಯಂತೆ. ನಲವತ್ತು ಸ್ಟಾಪಿನ ಹೆಸರು ನೆನಪಿಡುವವನಿಗೆ ನಾಲ್ಕು ಮಾತು ನೆನಪಿರುವುದಿಲ್ಲವೇ, ಬಾಯಲ್ಲೇ ಹೇಳುತ್ತೇನೆ ಎಂದು ಗದರಿದೆ. ನಿಮ್ಮಿಬ್ಬರ ನಡುವೆ ಕಂಡಕ್ಟರ್ ಕೆಲಸ ನನ್ನಿಂದಾಗದು, ನಾನು ಬರೀ ಡ್ರೈವರ್ ಎಂದ. ಪೆನ್ನನ್ನೂ ಅವನೇ ಜೇಬಿನಿಂದ ತೆಗೆದಿಟ್ಟು ಹೋದ.

ಹದಿನಾಲ್ಕು ತಿಂಗಳಲ್ಲಿ ನಿನ್ನಿಂದ ಬಂದ ಮೊದಲ ಮಾತು ಇದು. ಇರಲಿ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ಬಟ್ಟೆಯ ಮಡಿಕೆಗಳ ನಡುವೆ ಹಳೇ ಕರ್ಚೀಫಿನಲ್ಲಿ ಕಟ್ಟಿದ ಏಳು ಗಂಟುಗಳಿವೆ. ಒಂದೂ ಬಿಡದೆ ಹುಡುಕಿ ತೆಗೆ. ಲವಂಗದ ಜೊತೆ ಒಣಗಿಸಿದ ಕಿತ್ತಳೆ ಸಿಪ್ಪೆ ಹಾಕಿದ್ದೆ, ಇಷ್ಟು ಹೊತ್ತಿಗೆ ಹುಳು ಹಿಡಿದಿರುತ್ತದೆ. ಕೆಳಗಿನ ಡ್ರಾಯರಿನಲ್ಲಿ ಕಾಗದ ಬಿಚ್ಚಿದ ಎರಡು ಸೋಪು, ಮೂಲೆಯಲ್ಲಿ ಒಂದು ಬಟ್ಟಲು ಅಡಿಗೆ ಸೋಡಾ. ಅವನ್ನೂ ಎತ್ತು. ಬಟ್ಟೆಯೆಲ್ಲ ಹೊರಗೆ ನೆರಳಿನಲ್ಲಿ ಹರಡು. ಬಿಸಿನೀರಿಗೆ ಒಂದು ಮುಚ್ಚಳ ವಿನೆಗರ್ ಹಾಕಿ, ಅದರಲ್ಲಿ ಹಿಂಡಿದ ಬಟ್ಟೆಯಿಂದ ಹಲಗೆ ಒರೆಸು. ಹಲಗೆಯ ಅಡಿಭಾಗ ಮರೆಯಬೇಡ, ವಾಸನೆ ಕೂರುವುದು ಅಲ್ಲೇ. ನಿನಗೆ ಕಣ್ಣಿಗೆ ಕಂಡದ್ದನ್ನು ಮಾತ್ರ ಒರೆಸುವ ಚಾಳಿ. ಎರಡು ದಿನ ಬಾಗಿಲು ತೆರೆದಿಟ್ಟು, ಆಮೇಲೆ ಡ್ರಾಯರಿಗೆ ಒಂದೊಂದು ಹಿಡಿ ಇದ್ದಿಲು, ಮುದುರಿದ ಹಳೇ ಪೇಪರು ಇಡು. ವಾರದಲ್ಲಿ ಹೋಗುತ್ತದೆ.

ಇನ್ನು ಒಂದು ಮಾತು, ಮುಖಕ್ಕೆ ಹೊಡೆದ ಹಾಗೆಯೇ ಹೇಳಬೇಕು. ಲವಂಗ ಹೋದರೆ ಅದರ ಅಡಿಯಿಂದ ಮಗಳ ವಾಸನೆ ಮೇಲೆ ಬರುತ್ತದೆ ಎಂದುಕೊಂಡಿದ್ದೀಯ. ಬರುವುದಿಲ್ಲ ಕಣೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಒಗೆದವಳು ಹೇಳುತ್ತಿದ್ದೇನೆ. ನನ್ನ ಕೈಯಿಂದ ಹೊರಗೆ ಬಂದ ಬಟ್ಟೆಯಲ್ಲಿ ರಕ್ತ ಉಳಿದಿಲ್ಲ, ಔಷಧಿ ಉಳಿದಿಲ್ಲ, ಮನುಷ್ಯರೂ ಉಳಿದಿಲ್ಲ. ಇದ್ದಿಲು ಇಟ್ಟು ವಾರ ಕಾದು, ಬಾಗಿಲು ತೆಗೆದು, ಬರೀ ಮರದ ವಾಸನೆ ಕುಡಿದು ನೀನು ಅಲ್ಲೇ ಕುಸಿದು ಕೂರಬಾರದು. ಅದಕ್ಕೇ ಮೊದಲೇ ಹೇಳಿದೆ.

ಆವತ್ತಿನದು ನನಗೆ ಮರೆತಿದೆ ಎಂದುಕೊಳ್ಳಬೇಡ. ಹನ್ನೊಂದು ದಿನದ ಜ್ವರದಲ್ಲಿ ಅವಳು ಹೋದಳು. ಎಲ್ಲ ಮುಗಿಸಿ ಬಂದ ಮೇಲೆ ನೀನು ನಾಲ್ಕು ದಿನ ಹೊರಕೋಣೆಯ ಮಂಚದಿಂದ ಏಳಲಿಲ್ಲ. ನಾನು ಪಾತ್ರೆ ತೊಳೆದೆ, ನೆಲ ಒರೆಸಿದೆ, ಬಂದುಹೋಗುವವರಿಗೆ ಟೀ ಕೊಟ್ಟೆ. ನಾಲ್ಕನೇ ದಿನ ಕೈಗೆ ಕೆಲಸ ಸಿಗಲಿಲ್ಲ. ಅವಳ ಬೀರು ತೆಗೆದೆ.

ಆಸ್ಪತ್ರೆಯಲ್ಲಿ, ಹೋದವರ ಬಟ್ಟೆಯನ್ನು ಒಗೆಯದೆ ಮನೆಯವರ ಕೈಗೆ ಕೊಡುತ್ತಿರಲಿಲ್ಲ. ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕೊಡುವುದೇ ಮರ್ಯಾದೆ. ಆ ಅಭ್ಯಾಸದಲ್ಲಿ ಅವಳ ಬಟ್ಟೆಯನ್ನೂ ಒಗೆದೆ ಎಂದು ತಮ್ಮನ ಮುಂದೆ ಹೇಳಿದ್ದೆ, ಅವನು ನಿನಗೆ ಮುಟ್ಟಿಸಿರುತ್ತಾನೆ. ಅದು ಅರ್ಧ ಮಾತು. ಬೀರು ತೆಗೆದೊಡನೆ ಅವಳು ಕೆಲಸಕ್ಕೆ ಹೋಗುತ್ತಿದ್ದ ಪುಸ್ತಕದ ಬೈಂಡಿಂಗ್ ಅಂಗಡಿಯ ಮೈದಾ ಅಂಟು, ತಲೆಯೆಣ್ಣೆ, ಬೆವರು ಎಲ್ಲ ಒಟ್ಟಿಗೆ ಬಂತು. ಅವಳೇ ಒಳಗೆ ನಿಂತು, ದೊಡ್ಡಮ್ಮ ಬಾಗಿಲು ಹಾಕು ಎಂದು ಸಿಡುಕಿದ ಹಾಗಾಯಿತು. ಎಷ್ಟು ಸಲ ಬೈದಿದ್ದೆ ಅವಳಿಗೆ, ನಾಲ್ಕು ಲವಂಗ ಕಟ್ಟಿಡೇ, ಬೀರು ತೆಗೆದರೆ ಅಂಗಡಿ ತೆಗೆದ ಹಾಗಿದೆ ಎಂದು. ನನ್ನ ಕೈಲಿ ತಡೆಯಲಾಗಲಿಲ್ಲ. ಆ ವಾಸನೆಯನ್ನು ಮನೆಯಿಂದ ಓಡಿಸಬೇಕಿತ್ತು, ಓಡಿಸಿದೆ. ನಿನಗೋಸ್ಕರ ಮಾಡಲಿಲ್ಲ. ನನಗೋಸ್ಕರ ಮಾಡಿದೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ.

ಮರುದಿನ ನೀನು ಎದ್ದು ಗೋಡೆ ಹಿಡಿದುಕೊಂಡು ಬಂದೆ. ಬೀರುವಿಗೆ ಮುಖ ಇಟ್ಟೆ. ಒಂದೊಂದು ಬಟ್ಟೆಯನ್ನೂ ಎತ್ತಿ ಮೂಸಿದೆ. ಆಮೇಲೆ ತಿರುಗಿ ಹೇಳಿದೆ: 'ಅವಳನ್ನೇ ಒಗ್ದುಬಿಟ್ಟೆಯಲ್ಲ, ಅಕ್ಕ.'

ನಾನು ಏನಂದೆ ಗೊತ್ತಲ್ಲ. 'ಕೊಳೆ ಆಗಿತ್ತು, ಒಗ್ದೆ.' ಅಷ್ಟು ಹೇಳಿ ಚೀಲ ಎತ್ತಿಕೊಂಡು ಹೊರಟುಬಂದೆ. ನನ್ನ ಬಾಯಿಗೆ ಬೆಂಕಿ ಹಾಕ. ತಪ್ಪಾಯಿತು ಎಂದು ಹೇಳಲು ಮೂರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ, ಸರಿಯಾಗೇ ಮಾಡಿದೆ. ಎತ್ತಿದ್ದರೆ ಇನ್ನೇನಾದರೂ ಕೆಟ್ಟ ಮಾತೇ ಬಾಯಿಗೆ ಬರುತ್ತಿತ್ತು.

ಊಟ ಸರಿಯಾಗಿ ಮಾಡು. ತೀರಾ ಇಳಿದುಹೋಗಿದ್ದೀಯ ಎಂದು ತಮ್ಮ ಹೇಳಿದ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಕೆಳಗೆ ತಳ್ಳಿದ್ದು. ಅವಳ ನೀಲಿ ಸ್ವೆಟರು ಆಸ್ಪತ್ರೆಯಲ್ಲಿ ಕಳೆದುಹೋಯಿತು ಎಂದು ನೀನು ಎಲ್ಲರನ್ನೂ ವಿಚಾರಿಸಿದೆಯಂತೆ. ಕಳೆದಿಲ್ಲ. ನನ್ನ ಹತ್ತಿರ ಇದೆ. ಕದ್ದದ್ದು ನಾನು. ಎಲ್ಲ ಸೋಪಿನ ನೀರಿಗೆ ಹಾಕಿದವಳಿಗೆ ಅದನ್ನು ಹಾಕಲು ಕೈ ಬರಲಿಲ್ಲ. ಒಗೆಯದೆ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಳಕ್ಕೆ ಸುತ್ತಲೂ ಟೇಪು ಅಂಟಿಸಿದ್ದೇನೆ. ಮೊದಲು ದಿನಾ ತೆಗೆಯುತ್ತಿದ್ದೆ, ಆಮೇಲೆ ವಾರಕ್ಕೊಮ್ಮೆ. ತೆಗೆದಷ್ಟೂ ಕಡಿಮೆಯಾಗುತ್ತದೆ, ಗೊತ್ತಿದ್ದೂ ತೆಗೆದೆ. ನಿನ್ನ ಪಾಲನ್ನೂ ನಾನೇ ಮೂಸಿ ಮುಗಿಸಿದೆ ತಂಗಿ. ಈಗ ತೋಳಿನಲ್ಲಿ ಇಲ್ಲ, ಬೆನ್ನಿನಲ್ಲಿ ಇಲ್ಲ. ಕತ್ತಿನ ಪಟ್ಟಿಯಲ್ಲಿ ಮಾತ್ರ ಇದೆ, ಇನ್ನೊಂದು ಸಲಕ್ಕೋ ಎರಡು ಸಲಕ್ಕೋ ಆದೀತು. ತಮ್ಮನ ಕೈಲಿ ಕೊಡುವುದಿಲ್ಲ, ದಾರಿಯಲ್ಲಿ ಅವನೂ ತೆಗೆದು ನೋಡುತ್ತಾನೆ, ಅವನೂ ಸೋದರಮಾವನೇ. ನೀನು ಬರುತ್ತೀಯೋ, ನಾನು ತರಲೋ, ಒಂದು ಮಾತು ಬರೆ. ಇಪ್ಪತ್ತನೇ ತಾರೀಖಿನವರೆಗೆ ಡಬ್ಬಿ ಮುಟ್ಟುವುದಿಲ್ಲ. ಅದರಾಚೆಗೆ ನನ್ನ ಕೈಯನ್ನು ನಾನು ನಂಬುವುದಿಲ್ಲ. ಇಪ್ಪತ್ತರೊಳಗೆ ಉತ್ತರ ಬರಬೇಕು.