ರಾಜೀನಾಮೆಗೆ ಒಂದು ರಾತ್ರಿ

ಮಾರ್ಚ್ ೧೨, ಬುಧವಾರ

ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಪತ್ರ ಒಯ್ಯುವ ಟಪಾಲಕ್ಕನನ್ನು ಮೊದಲೇ ಸರಿಯಾಗಿ ಕೇಳಬೇಕಿತ್ತು. ಕೋಡ್ ಬರೆಯದೆ, ಪರದೆಯ ಮೇಲೆ ಚೌಕಗಳನ್ನು ಜೋಡಿಸಿ ನಾನು ಮಾಡಿದ ವ್ಯವಸ್ಥೆ ಇವತ್ತು ಶುರುವಾಯಿತು. ರಜೆಯಾಗಲಿ ರಾಜೀನಾಮೆಯಾಗಲಿ, ಫೋನಿನಲ್ಲಿ ಒತ್ತಿದರೆ ನೇರ ಮ್ಯಾನೇಜರಿಗೆ. ಹನ್ನೊಂದು ಗಂಟೆಗೆ, ನಾವೆಲ್ಲ ಪಟಾಕಿ ಎಂದು ಕರೆಯುವ ಹೊಲಿಗೆಯವಳು ಸಿಟ್ಟಿನಲ್ಲಿ ರಾಜೀನಾಮೆ ಒತ್ತಿದಳು. ಮ್ಯಾನೇಜರೂ ಅಷ್ಟೇ ಬೇಗ ಒಪ್ಪಿಗೆ ಒತ್ತಿದರು. ಮಧ್ಯಾಹ್ನ ಅವಳು ನನ್ನ ಮೇಜಿನ ಮುಂದೆ ಅಳುತ್ತಿದ್ದಳು.

ಇಷ್ಟು ವರ್ಷ ಪತ್ರಗಳನ್ನು ಕೈಯಲ್ಲೇ ಒಯ್ದ ಟಪಾಲಕ್ಕ ನಕ್ಕುಬಿಟ್ಟರು.

“ಇವಳು ನಂಗೆ ಮೂರು ಸಲ ರಾಜೀನಾಮೆ ಕೊಟ್ಟಿದ್ದಾಳೆ ಕಣಮ್ಮ. ಒಂದು ರಾತ್ರಿ ಡ್ರಾಯರಲ್ಲಿ ಇಟ್ಕೋತಿದ್ದೆ. ಬೆಳಿಗ್ಗೆ ಇವಳೇ ಬಂದು ಹರಿದು ಹಾಕ್ತಿದ್ಲು.”

“ಹೇಳಬಾರದಿತ್ತಾ ಅಕ್ಕಾ?”

“ಪತ್ರ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನೀನು ಕೇಳ್ದೆ. ಮಧ್ಯೆ ಎಲ್ಲಿ ಕೂತ್ಕೊಳುತ್ತೆ ಅಂತ ಕೇಳಿದ್ಯಾ?”

ಆಮೇಲೆ ಅವರೇ ಮ್ಯಾನೇಜರ್ ಕೋಣೆಗೆ ನುಗ್ಗಿ, “ಅವಳಿಗಂತೂ ಬುದ್ಧಿ ಇಲ್ಲ, ನಿಮಗೂ ಬೇಡ್ವಾ?” ಎಂದು ಗದರಿಸಿ ಒಪ್ಪಿಗೆಯನ್ನು ರದ್ದು ಮಾಡಿಸಿದರು. ಪಟಾಕಿ ಕಣ್ಣೊರೆಸಿಕೊಂಡು ಹೊಲಿಗೆಗೆ ಕೂತಳು.

ಸಂಜೆ ರಾಜೀನಾಮೆಯ ದಾರಿಯಲ್ಲಿ ಇನ್ನೊಂದು ಚೌಕ ಸೇರಿಸಿದೆ: ಒಂದು ದಿನ ಕಾಯಬೇಕು. ಪರದೆ ಆ ಚೌಕಕ್ಕೊಂದು ಹೆಸರು ಕೇಳಿತು, ‘ಅಕ್ಕ’ ಎಂದು ಕೊಟ್ಟೆ. ಕಾಯುವುದನ್ನೇನೋ ಕಲಿಸಿದೆ. ಕೋಣೆಗೆ ನುಗ್ಗಿ ಗದರಿಸುವುದನ್ನು ಮಾತ್ರ ಯಾವ ಚೌಕಕ್ಕೆ ಕಲಿಸಲಿ?